ಪಕ್ಕವಾದ್ಯದವರ ಪ್ರಥಮ ಮುದ್ರಿಕೆ

ದಕ್ಷಿಣಾದಿ ಸಂಗೀತದ ಸಭೆಗಳಲ್ಲಿ ಬಾಲ್ಯವನ್ನು ಕಳೆದವರಿಗೆ, ಲಯವಾದ್ಯಗಾರನೊಬ್ಬನು ತನ್ನ ಹೆಸರನ್ನೇ ಮುಂದಿಟ್ಟುಕೊಂಡು ಒಂದು ಸಂಪೂರ್ಣ ಧ್ವನಿಮುದ್ರಿಕೆಯನ್ನು ಹೊರತರುವುದೆಂಬ ಸಂಗತಿಯೇ ಕೊಂಚ ವಿಲಕ್ಷಣವೆಂದು ತೋರಿದರೆ ಆಶ್ಚರ್ಯವಿಲ್ಲ. ಹಾಡುವವರ ಹೆಸರು ಆಹ್ವಾನಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿರಬೇಕು, ಪಿಟೀಲಿನವರದು ಅದರ ಕೆಳಗೆ, ಮೃದಂಗದವರದು ಇನ್ನೂ ಕೆಳಗೆ, ಘಟ ಖಂಜಿರದವರದು ಸ್ಥಳವುಳಿದಿದ್ದರೆ ಎಂಬ ಕ್ರಮ ನಮ್ಮಲ್ಲಿ ರೂಢಮೂಲವಾದುದು. ಮೂರು ಗಂಟೆಗಳ ಕಾಲ ಅನ್ಯರ ಕಲ್ಪನೆಗೆ ಕಾವಲಿದ್ದು, ಲಯವಾದ್ಯಗಳಿಗೆ ಮೀಸಲಾದ ತನಿ ಆವರ್ತನದ ಸರದಿ ಬಂದಾಗ ಸಭಿಕರಲ್ಲಿ ಅನೇಕರು ಕಾಫಿಗೆಂದು ಏಳುವುದನ್ನು ತಲೆಯೆತ್ತದೆ ಸಹಿಸಿಕೊಂಡು, ಲೆಕ್ಕಾಚಾರದ ಮುಕ್ತಾಯವನ್ನು ಪಲ್ಲವಿಯ ಎಡುಪ್ಪಿಗೆ, ಎಂದರೆ ಅದು ಎತ್ತಿಕೊಳ್ಳುವ ಸ್ಥಾನಕ್ಕೆ, ತಂದೊಪ್ಪಿಸಿ ಮತ್ತೆ ಹಿಂದೆ ಸರಿಯುವ ಆ ವಿದ್ವಾಂಸರ ಬಾಳನ್ನು ನಾನು ಬಹು ಸಮೀಪದಿಂದ ಕಂಡವನು. ಮೈಸೂರಿನಲ್ಲಿದ್ದ ನನ್ನ ಸೋದರಮಾವಂದಿರು ಅಂಥವರಲ್ಲಿ ಒಬ್ಬರಾಗಿದ್ದರು. ಆದಕಾರಣ, ಜಾಝ್ ಎಂಬ ಸಂಗೀತಪದ್ಧತಿಯ ಪರಿಚಯವೇ ಇಲ್ಲದಿದ್ದ ನಾನು, ಆ ಪದ್ಧತಿಯಲ್ಲಿ ನುರಿತ ಡ್ರಮ್ ವಾದಕರೊಬ್ಬರ ಪ್ರಥಮ ಧ್ವನಿಮುದ್ರಿಕೆಯನ್ನು ಗುಜರಾತಿನ ಗೋರ್ವಾದಲ್ಲಿ ಕುಳಿತು ಕೇಳಿದ ಪ್ರಸಂಗವನ್ನು ಬರೆಯಹೊರಟರೆ, ಮೊದಲು ಸ್ಮರಣೆಗೆ ಬರುವವರು ಆ ಮಾವಂದಿರೇ.

ಗೋರ್ವಾ ಎಂಬುದು ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು, ವಡೋದರಾ ನಗರವು ವಾಯವ್ಯಕ್ಕೆ ಬೆಳೆಯುತ್ತ ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಭಾಗ. 1907ರಲ್ಲಿ ಸ್ಥಾಪಿತವಾದ ಅಲೆಂಬಿಕ್ ಔಷಧ ಕಾರ್ಖಾನೆಯ ಹೆಸರು ಇಲ್ಲಿಯ ರಸ್ತೆಗೂ ಅಂಟಿಕೊಂಡಿದೆ. ಅದರಾಚೆಗೆ ಸಣ್ಣ ಸಣ್ಣ ಕಾರ್ಯಾಗಾರಗಳ ಸಾಲು. ಲೇತು, ಮಿಲ್ಲಿಂಗ್, ಪವರ್ ಪ್ರೆಸ್ಸುಗಳ ನಡುವೆ ನನ್ನ ಉದ್ಯೋಗಜೀವನದ ಬಹುಭಾಗ ಇಂಥದೊಂದು ಕಾರ್ಯಾಗಾರದಲ್ಲಿಯೇ ಕಳೆದುಹೋಯಿತು. ತಗಡನ್ನು ಕತ್ತರಿಸುವ ಪ್ರೆಸ್ಸಿನ ಆಘಾತವನ್ನು ಹಗಲೆಲ್ಲ ಕೇಳಿದ ಕಿವಿಗೆ ಸಂಜೆಯ ಹೊತ್ತು ಬೇಕಾಗುತ್ತಿದ್ದುದು ವೀಣೆ, ಬಹಳವೆಂದರೆ ಒಂದು ಆಲಾಪನೆ. ಬಡಿಯುವ ಶಬ್ದ ಯಾವುದೇ ಇರಲಿ, ಅದು ನನ್ನ ಮನೆಯ ಹೊಸ್ತಿಲನ್ನು ದಾಟಬಾರದೆಂಬ ನಿರ್ಬಂಧವನ್ನು ನಾನೇ ವಿಧಿಸಿಕೊಂಡಿದ್ದೆ.

ದೂರದೇಶದಲ್ಲಿ ನೆಲೆಸಿದವನು ತನ್ನ ಊರಿಗೂ ತಾನಿರುವ ಊರಿಗೂ ಇರುವ ಹಳೆಯ ಸಂಬಂಧಗಳನ್ನು ಹುಡುಕುವುದು ಸ್ವಾಭಾವಿಕ. ಈ ವಿಷಯದಲ್ಲಿ ಮೈಸೂರಿನವನಿಗೆ ಬರೋಡೆಯಷ್ಟು, ಎಂದರೆ ಇಂದಿನ ವಡೋದರಾದಷ್ಟು, ಉದಾರವಾದ ನಗರ ಬೇರೊಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೌಲಾ ಬಕ್ಷ್ ಎಂಬ ಮಹಾಗಾಯಕರು ಉತ್ತರದಿಂದ ಮೈಸೂರಿಗೆ ಬಂದು, ಕರ್ಣಾಟಕ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ನಮ್ಮ ಅರಸರಿಂದ ಕಲ್ಗಿ, ಛತ್ರ, ಚಾಮರಗಳ ಮರ್ಯಾದೆಯನ್ನು ಪಡೆದು, ಬಳಿಕ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಬರೋಡೆಯ ಗಾಯನಶಾಲೆಯನ್ನು ತೆರೆದರು. ಸುರಸಾಗರವೆಂಬ ಕೆರೆಯ ದಂಡೆಯಲ್ಲಿರುವ ಆ ಸಂಸ್ಥೆ ಈಗ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಅಂಗವಾಗಿದೆ. ಇದೇ ಬರೋಡೆಯ ಆಸ್ಥಾನಗಾಯಕರಾಗಿದ್ದ ಫೈಯಾಜ್ ಖಾನರಿಗೆ ಸಂಗೀತಸೂರ್ಯರೆಂಬರ್ಥದ ಬಿರುದನ್ನಿತ್ತು ಗೌರವಿಸಿದುದೂ ಮೈಸೂರಿನ ಆಸ್ಥಾನವೇ. ಭಾನುವಾರದ ಸಂಜೆಗಳಲ್ಲಿ ಆ ಕೆರೆಯ ಸುತ್ತ ನಡೆಯುತ್ತ ಈ ವಿಚಾರಗಳನ್ನು ನೆನೆಯುವಾಗ, ಪರಸ್ಥಳದವನೆಂಬ ಭಾವನೆ ನನ್ನಲ್ಲಿ ಅರ್ಧದಷ್ಟು ಕರಗಿಹೋಗುತ್ತಿತ್ತು.

ನಮ್ಮ ಸೊಸೈಟಿಯ ಮಹಡಿಯ ಮನೆಯಲ್ಲಿ ಒಬ್ಬ ತರುಣನಿದ್ದನು. ಇಂಜಿನಿಯರಿಂಗ್ ಓದುತ್ತಿದ್ದವನು; ನವರಾತ್ರಿ ಬಂತೆಂದರೆ ಗರಬಾ ಮಂಡಳಿಯೊಂದಕ್ಕೆ ಆಕ್ಟೋಪ್ಯಾಡ್ ನುಡಿಸುವನು. ವಡೋದರಾದ ಗರಬಾವನ್ನು ಕಾಣದವರಿಗೆ ಅದರ ವಿಸ್ತಾರವನ್ನು ಹೇಳುವುದು ಕಷ್ಟ: ಬರಿಗಾಲಿನಲ್ಲಿ ಸಹಸ್ರಾರು ಜನರು ಒಂದೇ ವೃತ್ತವಾಗಿ ಸುತ್ತುವಾಗ, ಹೀಂಚ್ ಎಂಬ ಆ ಆರು ಮಾತ್ರೆಗಳ ನಡೆ ನೆಲದಿಂದಲೇ ಹೊಮ್ಮುತ್ತಿರುವಂತೆ ಭಾಸವಾಗುವುದು. ಆ ಹುಡುಗನು ನವರಾತ್ರಿಯ ಸಂಪಾದನೆಯಿಂದ ಒಂದು ಡ್ರಮ್ ಸೆಟ್ಟನ್ನು ಕೊಂಡು ತಂದ ಮೇಲೆ, ನನ್ನ ನಿರ್ಬಂಧಕ್ಕೆ ಅರ್ಥವುಳಿಯಲಿಲ್ಲ. ನಾನು ಮೆಟ್ಟಿಲೇರಿ ಹೋಗಿ ಏನಾದರೂ ಹೇಳುವ ಮೊದಲೇ ಅವನು ಕೆಳಗಿಳಿದು ಬಂದು, "ಕಾಕಾ, ತೊಂದರೆಯಾಗುತ್ತಿದೆಯೆಂದು ಬಲ್ಲೆ. ನೀವು ಮೃದಂಗದವರ ಮನೆಯವರಂತೆ, ಇದನ್ನೊಮ್ಮೆ ಕೇಳಿ ನೋಡಿ" ಎಂದು ಹೇಳಿ ಒಂದು ಸಿ.ಡಿ.ಯನ್ನು ಕೈಯಲ್ಲಿಟ್ಟನು. ರಣಜಿತ್ ಬಾರೋಟ್ ಎಂಬವರ "ಬಡಾ ಬೂಮ್". 2010ರಲ್ಲಿ ಅಮೆರಿಕೆಯ ಆಬ್‌ಸ್ಟ್ರಾಕ್ಟ್ ಲಾಜಿಕ್ಸ್ ಎಂಬ ಸಂಸ್ಥೆ ಪ್ರಕಟಿಸಿದ್ದ ಆ ಮುದ್ರಿಕೆ ನನಗೆ ದೊರೆತುದು ಮರುವರ್ಷದ ಮಳೆಗಾಲದಲ್ಲಿ. ಬಾಗಿಲಲ್ಲಿ ನಿಂತು ಹೊದಿಕೆಯ ಮೇಲಿನ ಹೆಸರನ್ನೋದಿದ ಪಕ್ಕದ ಮನೆಯ ಹಿರಿಯರು, "ಆ ತೋ ಆಪಣಾ ಬಾರೋಟ್!" (ಇವರು ನಮ್ಮ ಬಾರೋಟರೇ!) ಎಂದು ಹಿಗ್ಗಿದರು. ವಂಶಾವಳಿಗಳನ್ನು ತಲೆತಲಾಂತರದಿಂದ ಬರೆದಿಟ್ಟು ಹೇಳಿಕೊಂಡು ಬಂದ ಸಮುದಾಯದ ಹೆಸರು ಗುಜರಾತಿನಲ್ಲಿ ಯಾರಿಗೆ ಗೊತ್ತಿಲ್ಲ! ಮುಂಬಯಿಯ ಕಲಾವಿದರೊಬ್ಬರು ಆ ಹೆಸರಿನ ಬಲದಿಂದಲೇ ಒಂದು ಕ್ಷಣದಲ್ಲಿ ಗೋರ್ವಾದವರಾಗಿಬಿಟ್ಟರು.

ಆ ರಾತ್ರಿ ಊಟವಾದ ಬಳಿಕ, ಹೊರಗೆ ಮಳೆ ಸುರಿಯುತ್ತಿರಲು, ಅದನ್ನು ಹಾಕಿದೆ. ಸಿಂಗ್ಯುಲಾರಿಟಿ, ಸೂಪರ್‌ನೋವಾ, ಡಾರ್ಕ್ ಮ್ಯಾಟರ್ ಎಂದು ಹಲವು ರಚನೆಗಳಿಗೆ ಖಗೋಳವಿಜ್ಞಾನದ ಹೆಸರುಗಳು. ಮೊದಮೊದಲು ನನಗೆ ಕೇಳಿಸಿದುದು ಒಂದು ಮಹಾ ಸಂದಣಿ. ಗಿಟಾರು, ಕೀಬೋರ್ಡು, ಬಾಸ್, ಇವೆಲ್ಲದರ ಮೇಲೆ ಕೆಳಗೆ ನಡುವೆ ಸರ್ವತ್ರ ವ್ಯಾಪಿಸಿದ ಡ್ರಮ್ಮು; ಎಲ್ಲಿಯೂ ಕಾಲೂರಲು ನೆಲ ಸಿಗಲಿಲ್ಲ. ಹೀಗಿರುವಾಗ ಅಡುಗೆಮನೆಯಲ್ಲಿದ್ದ ನನ್ನಾಕೆ ಕೈಯೊರೆಸಿಕೊಳ್ಳುತ್ತ ಬಂದು, "ಏನೂಂದ್ರೆ, ಇದು ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ಅಲ್ಲವೆ?" ಎಂದಳು. ಅವಳ ಕಿವಿ ನಿಜವನ್ನೇ ಹೇಳಿತ್ತು. ಹೊದಿಕೆಯಲ್ಲಿ ಯು. ಶ್ರೀನಿವಾಸರ ಹೆಸರಿತ್ತು, ಜಾಕಿರ್ ಹುಸೇನರದಿತ್ತು, ಜಾನ್ ಮೆಕ್‌ಲಾಫ್ಲಿನ್ ಎಂಬ ಆಂಗ್ಲ ಗಿಟಾರ್ ವಾದಕರದೂ ಇತ್ತು. ಅಲ್ಲಿಂದ ಮುಂದೆ ನಾನು ಮ್ಯಾಂಡೊಲಿನ್ನಿನ ಬೆನ್ನುಹಿಡಿದು ನಡೆದೆ. ಆ ನಾದ ಎಲ್ಲಿ ಉಸಿರು ನಿಲ್ಲಿಸುತ್ತದೆ, ಆ ಬಿಡುವನ್ನು ಡ್ರಮ್ಮು ತುಂಬುತ್ತದೆಯೋ ಬಿಡುತ್ತದೆಯೋ ಎಂಬುದನ್ನು ಗಮನಿಸತೊಡಗಿದೊಡನೆ, ಸಂದಣಿಯೆಂದು ತೋರಿದ್ದುದು ಮೆಲ್ಲಮೆಲ್ಲನೆ ಒಂದು ಸಭೆಯಾಯಿತು. ಸಭೆಯಲ್ಲಿ ಯಾರು ಮಾತನಾಡುತ್ತಿದ್ದಾರೆ, ಯಾರು ತಲೆದೂಗುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ ಎಂಬುದು ಬಿಡಿಬಿಡಿಯಾಗಿ ತಿಳಿಯತೊಡಗಿತು.

ಒಂದೆಡೆ ಡ್ರಮ್ಮಿನ ನುಡಿಯೊಂದು ಮೂರು ಸಲ ಆವೃತ್ತವಾಗಿ, ಮೂರನೆಯ ಸಲದ ಕೊನೆಯ ಪೆಟ್ಟು ಎಲ್ಲರೂ ಸೇರುವ ಸ್ಥಾನದಲ್ಲಿಯೇ ಬಿದ್ದಾಗ, ನನಗೆ ಅರಿವಿಲ್ಲದೆ ನನ್ನ ಅಂಗೈ ತೊಡೆಯ ಮೇಲೆ ಬಿದ್ದಿತ್ತು. ಇದು ನಮ್ಮ ಮುಕ್ತಾಯ, ಉತ್ತರಾದಿಯವರ ತಿಹಾಯಿ. ಕಥಕ್ ನರ್ತಕಿಯ ಗೆಜ್ಜೆಯಲ್ಲಿ ಇದನ್ನು ಎಲ್ಲರೂ ಕೇಳಿರುತ್ತಾರೆ. ಮರುದಿನ ಹುಡುಗನಿಂದ ತಿಳಿದ ಸಂಗತಿ ನನ್ನ ಊಹೆಯನ್ನು ಸ್ಥಿರಪಡಿಸಿತು: ರಣಜಿತ್ ಬಾರೋಟ್ ಅವರು ಕಥಕ್ ಕ್ಷೇತ್ರದಲ್ಲಿ ಸಾಮ್ರಾಜ್ಞಿಯೆಂದೇ ಖ್ಯಾತರಾದ ಸಿತಾರಾದೇವಿಯವರ ಪುತ್ರರು. ತಾಯಿಯ ಕಾಲಿನಲ್ಲಿ ಹುಟ್ಟಿದ ಲೆಕ್ಕವನ್ನು ಮಗನು ಪಾಶ್ಚಾತ್ಯ ಚರ್ಮವಾದ್ಯಗಳಿಗೆ ಕೊಂಡೊಯ್ದಿದ್ದನು.

ಡ್ರಮ್ ಸೆಟ್ಟನ್ನು ಹತ್ತಿರದಿಂದ ನೋಡಬೇಕೆಂಬ ಬಯಕೆ ಆಮೇಲೆ ಹುಟ್ಟಿತು. ಮಹಡಿಯ ಕೊಠಡಿಯಲ್ಲಿ ಹುಡುಗನು ಒಂದೊಂದನ್ನೂ ಬಿಡಿಸಿ ತೋರಿಸಿದನು. ಸ್ನೇರ್ ಎಂಬ ಚಪ್ಪಟೆ ಡ್ರಮ್ಮನ್ನು ತಿರುಗಿಸಿ ಹಿಡಿದಾಗ, ಕೆಳಗಿನ ಹೊದಿಕೆಗೆ ತಾಗಿಕೊಂಡಂತೆ ಸುರುಳಿಸುತ್ತಿದ ಸಣ್ಣ ಉಕ್ಕಿನ ತಂತಿಗಳ ಒಂದು ಪಟ್ಟಿ ಕಾಣಿಸಿತು. ಪಕ್ಕದ ಸನ್ನೆಯೊಂದನ್ನು ಸಡಿಲಿಸಿದರೆ ತಂತಿಗಳು ಚರ್ಮದಿಂದ ದೂರ ಸರಿಯುವುವು, ಡ್ರಮ್ಮು ಬೋಳಾದ ಘನಧ್ವನಿಯನ್ನು ಕೊಡುವುದು. ಬಿಗಿದರೆ ಪ್ರತಿ ಪೆಟ್ಟಿಗೂ ಆ ತಂತಿಗಳು ಚರ್ಮದೊಡನೆ ಕಂಪಿಸಿ ಚುರುಕಾದ ಸಿಡಿತವುಂಟಾಗುವುದು. ಮಾವಂದಿರು ಕಚೇರಿಗೆ ಮುಂಚೆ ಮೃದಂಗದ ಎಡಮುಚ್ಚಿಗೆಗೆ ರವೆಯ ಕಣಕವನ್ನು ಹಚ್ಚಿ, ಬೆರಳಿನಿಂದ ಒತ್ತಿ, ಒಂದಿಷ್ಟು ಕಿತ್ತು, ಮತ್ತೆ ಒಂದಿಷ್ಟು ಹಚ್ಚಿ ನಾದವನ್ನು ಹದಗೊಳಿಸುತ್ತಿದ್ದ ಆ ತಾಳ್ಮೆಯ ಮುಖ ಆಗ ನನ್ನ ಕಣ್ಣಿಗೆ ಕಟ್ಟಿತು. ನಾದವೆಂಬುದು ಪೆಟ್ಟಿನಲ್ಲಿ ಇಲ್ಲ, ಪೆಟ್ಟಿನ ತರುವಾಯ ಚರ್ಮವು ಏನು ಮಾಡುತ್ತದೆಂಬುದರಲ್ಲಿದೆ ಎಂದು ಅವರು ಹೇಳುತ್ತಿದ್ದುದುಂಟು.

ಈ ವಾದ್ಯಸಮೂಹವು ಬಹಳ ಹಳೆಯದೇನಲ್ಲ. ಮೆರವಣಿಗೆಯಲ್ಲಿ ಒಬ್ಬೊಬ್ಬರು ಒಂದೊಂದನ್ನು ಹೊತ್ತು ನುಡಿಸುತ್ತಿದ್ದ ಡ್ರಮ್ಮುಗಳನ್ನು ಒಬ್ಬನೇ ಕುಳಿತು ನುಡಿಸುವುದು ಸುಲಭವಾದುದು, 1909ರಲ್ಲಿ ಲುಡ್ವಿಗ್ ಎಂಬವರು ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಡಿಯುವ ಪೆಡಲಿಗೆ ಪೇಟೆಂಟ್ ಪಡೆದುದರ ಅನಂತರ. ಎಡಗಾಲಿನಿಂದ ಮುಚ್ಚಿ ತೆರೆಯುವ ಹೈಹ್ಯಾಟ್ ಕಂಸಾಳೆಗಳು 1920ರ ದಶಕದಲ್ಲಿ ಬಂದುವು. ಜಾಝ್ ಸಂಗೀತದ ಇತಿಹಾಸದಲ್ಲಿ ಇದಕ್ಕಿಂತಲೂ ಮಹತ್ವದ ಪರಿವರ್ತನೆ 1940ರ ಸುಮಾರಿಗೆ ನಡೆಯಿತು. ಕೆನ್ನಿ ಕ್ಲಾರ್ಕ್ ಎಂಬ ವಾದಕರು, ಪ್ರತಿ ಮಾತ್ರೆಯನ್ನೂ ದೊಡ್ಡ ಡ್ರಮ್ಮಿನ ಮೇಲೆ ಗುದ್ದುವ ರೂಢಿಯನ್ನು ತೊರೆದು, ಕಾಲಗಣನೆಯ ಹೊಣೆಯನ್ನು ಬಲಗೈಯ ಕೆಳಗಿರುವ ರೈಡ್ ಸಿಂಬಲ್ ಎಂಬ ಕಂಚಿನ ತಟ್ಟೆಗೆ ವಹಿಸಿಕೊಟ್ಟರು. ಉಳಿದ ಡ್ರಮ್ಮುಗಳು ಬೇಕಾದಾಗ ಬೇಕಾದ ಮಾತನ್ನಾಡಲು ಸ್ವತಂತ್ರವಾದುವು.

ಹುಡುಗನು ಇದನ್ನು ಬಲಗೈಯೊಂದರಿಂದಲೇ ನುಡಿಸಿ ತೋರಿಸುತ್ತಿರುವಾಗ ನನಗೆ ಆ ಸಂಗೀತದ ಬಾಗಿಲು ತೆರೆದಂತಾಯಿತು. ನಮ್ಮ ಕಚೇರಿಯಲ್ಲಿ ತಾಳವನ್ನು ಹಾಕುವವರು ಹಾಡುವವರು. ಅವರ ಕೈ ಘಾತ, ಎಣಿಕೆ, ವಿಸರ್ಜಿತಗಳನ್ನು ಕಾಯುತ್ತಿರುವುದರಿಂದಲೇ ಮೃದಂಗವು ತಾಳದ ಆರಂಭಕ್ಕೆ ಹಿಂದೆಯೋ ಮುಂದೆಯೋ ಎತ್ತಿಕೊಳ್ಳುವ ಅತೀತ ಅನಾಗತಗಳಲ್ಲಿ ಧೈರ್ಯವಾಗಿ ವಿಹರಿಸಬಲ್ಲುದು. ಜಾಝ್ ವಾದಕನಲ್ಲಾದರೋ ಆ ಕೈತಾಳವೂ ಮೃದಂಗವೂ ಒಂದೇ ಶರೀರದಲ್ಲಿ ನೆಲೆಸಿವೆ: ಬಲಗೈ ತಾಳ, ಎಡಗೈ ವಾದ, ಬಲಗಾಲು ಪ್ರತಿವಾದ, ಎಡಗಾಲು ಸಾಕ್ಷಿ. ಇದನ್ನು ತಿಳಿದ ಮೇಲೆ ಬಾರೋಟರ ಮುದ್ರಿಕೆಯನ್ನು ಮತ್ತೊಮ್ಮೆ ಹಾಕಿಕೊಂಡು ಕಂಚಿನ ತಟ್ಟೆಯನ್ನು ಮಾತ್ರ ಕೇಳಿದೆ. ಅಷ್ಟು ವೇಗದ, ಅಷ್ಟು ಜಟಿಲವಾದ ರಚನೆಗಳ ಮೇಲೆ ಆ ತೆಳುವಾದ ಝೇಂಕಾರವು ಎಲ್ಲಿಯೂ ಕಲಕದೆ ಹರಿದಿತ್ತು.

ಬಾರೋಟರು ಈ ಪ್ರಥಮ ಮುದ್ರಿಕೆಯನ್ನು ತಂದುದು ತಾರುಣ್ಯದಲ್ಲಿ ಅಲ್ಲ. ಮುಂಬಯಿಯ ಜಾಝ್ ಕಲಾವಿದ ಲೂಯಿ ಬ್ಯಾಂಕ್ಸ್ ಅವರ ಸಂಗಡ, ಚಲನಚಿತ್ರಗಳ ಧ್ವನಿಗ್ರಹಣ ಮಂದಿರಗಳಲ್ಲಿ, ಎ. ಆರ್. ರೆಹಮಾನರ ವೇದಿಕೆಗಳಲ್ಲಿ, ದಶಕಗಳ ಕಾಲ ಅನ್ಯರ ಸಂಗೀತಕ್ಕೆ ನಡೆಯನ್ನು ಕೊಟ್ಟು ಕೊಟ್ಟು, 2008ರಲ್ಲಿ ಹೊರಬಂದ ಮೆಕ್‌ಲಾಫ್ಲಿನ್ನರ "ಫ್ಲೋಟಿಂಗ್ ಪಾಯಿಂಟ್" ಎಂಬ ಮುದ್ರಿಕೆಗೂ ನುಡಿಸಿ, ಅದಾದ ಮೇಲೆ ತಮ್ಮದೊಂದನ್ನು ರಚಿಸಿದರು. ಈ ವಿಲಂಬವನ್ನು ನಾನು ಗೌರವದಿಂದ ಕಾಣುತ್ತೇನೆ. ಅದರ ಫಲವೂ ದೋಷವೂ ಮುದ್ರಿಕೆಯಲ್ಲಿ ಕೇಳಿಸುತ್ತವೆ. ಇಷ್ಟು ವರ್ಷಗಳ ಸ್ನೇಹಿತರನ್ನೆಲ್ಲ ಒಂದೇ ಪಂಕ್ತಿಗೆ ಕರೆದುದರಿಂದ ಕೆಲವು ರಚನೆಗಳಲ್ಲಿ ಭಾರ ಹೆಚ್ಚಾಗಿದೆ. ಒಬ್ಬರ ಮಾತು ಮುಗಿಯುವಷ್ಟರಲ್ಲಿ ಇನ್ನೊಬ್ಬರ ಮಾತು ಎದ್ದುಬಿಡುತ್ತದೆ. ಕೌಶಲದ ಕಾಂತಿ ಕಣ್ಣು ಕುಕ್ಕುವ ಕಡೆಗಳಲ್ಲಿ ಭಾವ ಸ್ವಲ್ಪ ಹಿಂದಾಗುತ್ತದೆ. ಆದರೆ ತಮ್ಮದೇ ಮುದ್ರಿಕೆಯಲ್ಲಿಯೂ ಬಾರೋಟರು ಅನ್ಯರ ಆಲೋಚನೆಯನ್ನು ಹೊತ್ತು ನಡೆಸುವ ಸ್ವಭಾವವನ್ನು ಬಿಟ್ಟುಕೊಟ್ಟಿಲ್ಲ. ಶ್ರೀನಿವಾಸರ ಮ್ಯಾಂಡೊಲಿನ್ನು ಮೇಲಿನ ಷಡ್ಜಕ್ಕೇರುವಾಗ ಡ್ರಮ್ಮು ತನ್ನ ಧ್ವನಿಯನ್ನು ತಗ್ಗಿಸಿಕೊಂಡು ದಾರಿಬಿಡುವ ರೀತಿಯಲ್ಲಿ, ಒಂದಾಯುಷ್ಯದ ಪಕ್ಕವಾದ್ಯದ ಸಂಸ್ಕಾರವಿದೆ. ಮಾವಂದಿರು ಇದ್ದಿದ್ದರೆ ಆ ಜಾಗದಲ್ಲಿ "ಭಲೆ" ಎನ್ನುತ್ತಿದ್ದರು. ಉಳಿದ ಸಂಗತಿಗಳಿಗೆ ಅವರ ಒಪ್ಪಿಗೆ ಇರುತ್ತಿತ್ತೆಂದು ನಾನು ಹೇಳಲಾರೆ.

ತರುವಾಯ ಒಂದು ದಿನ ಹುಡುಗನು ಇನ್ನೊಬ್ಬ ಡ್ರಮ್ ವಾದಕರ ಪ್ರಥಮ ಮುದ್ರಿಕೆಯನ್ನು ತಂದುಕೊಟ್ಟನು. ಟೋನಿ ವಿಲಿಯಮ್ಸ್ ಅವರ "ಲೈಫ್ ಟೈಮ್". ಇದರ ಕಥೆ ಬಾರೋಟರದಕ್ಕೆ ಸಂಪೂರ್ಣ ವಿಪರೀತವಾದುದು. 1963ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಪ್ರಖ್ಯಾತ ಜಾಝ್ ಕಲಾವಿದ ಮೈಲ್ಸ್ ಡೇವಿಸರ ಮೇಳಕ್ಕೆ ಸೇರಿದ ಈ ಬಾಲಪ್ರತಿಭೆ, ಮರುವರ್ಷದ ಆಗಸ್ಟ್ ತಿಂಗಳಿನಲ್ಲಿ ನ್ಯೂ ಜರ್ಸಿಯ ರೂಡಿ ವ್ಯಾನ್ ಗೆಲ್ಡರರ ಧ್ವನಿಗ್ರಹಣ ಮಂದಿರದಲ್ಲಿ, ಬ್ಲೂ ನೋಟ್ ಸಂಸ್ಥೆಗಾಗಿ, ತನ್ನದೇ ರಚನೆಗಳನ್ನು ಧ್ವನಿಮುದ್ರಿಸಿಕೊಟ್ಟಿತು. ಆಗ ಅವರಿಗೆ ಹದಿನೆಂಟು ವರ್ಷ. ನಮ್ಮಲ್ಲಿ ಆ ವಯಸ್ಸಿನ ಮೃದಂಗದ ವಿದ್ಯಾರ್ಥಿಗೆ ಗುರುಗಳ ಬದಿಯಲ್ಲಿ ಕುಳಿತು ತಾಳ ಹಾಕುವ ಅನುಗ್ರಹ ದೊರೆತರೆ ಅದೇ ಹೆಚ್ಚು.

ಈ ಮುದ್ರಿಕೆ ನನ್ನನ್ನು ಬಹಳ ಪರೀಕ್ಷಿಸಿತು. ಇಲ್ಲಿ ಕೈಹಿಡಿದು ನಡೆಸಲು ಮ್ಯಾಂಡೊಲಿನ್ ಇರಲಿಲ್ಲ. ಒಂದು ರಚನೆಯಲ್ಲಿ ಎರಡು ಬಾಸ್ ವಾದ್ಯಗಳು ಏಕಕಾಲದಲ್ಲಿ ಗೊಣಗಿಕೊಳ್ಳುವುವು. ಸ್ಯಾಮ್ ರಿವರ್ಸರ ಸ್ಯಾಕ್ಸೊಫೋನ್ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವುದು. "ಮೆಮೊರಿ" ಎಂಬ ಇನ್ನೊಂದರಲ್ಲಿ, ಬಾಬಿ ಹಚರ್ಸನ್ನರ ವೈಬ್ರಾಫೋನ್, ಹರ್ಬಿ ಹ್ಯಾನ್‌ಕಾಕರ ಪಿಯಾನೊ, ಡ್ರಮ್ಮು, ಇಷ್ಟೇ. ಆವರ್ತವೆಂಬುದೇ ಇಲ್ಲವೇನೋ ಎನ್ನುವಷ್ಟು ಸಡಿಲವಾದ ಕಾಲ. ಆವರ್ತದ ಮೊದಲ ಪೆಟ್ಟಾದ ಸಮವೆಲ್ಲಿದೆಯೆಂದು ಹುಡುಕುವ ಚಟವನ್ನು ಬಿಡದೆ ಇದನ್ನು ಕೇಳುವುದು ಸಾಧ್ಯವಿಲ್ಲ. ರಾಗಾಲಾಪನೆಗೆ ತಾಳವಿಲ್ಲವೆಂದು ನಾವು ಯಾರೂ ದೂರುವುದಿಲ್ಲ. ಅದೇ ರಿಯಾಯಿತಿಯನ್ನು ಒಬ್ಬ ಲಯವಾದ್ಯಗಾರನಿಗೆ ಕೊಡಬಾರದೇಕೆ? ಚರ್ಮವಾದ್ಯವೂ ಆಲಾಪನೆ ಮಾಡಬಲ್ಲುದೆಂದು ಒಪ್ಪಿಕೊಂಡ ಮೇಲೆ ಆ ರಚನೆ ನನಗೆ ಸ್ವಲ್ಪ ಸ್ವಲ್ಪವಾಗಿ ಹತ್ತಿರವಾಯಿತು. ಪ್ರೀತಿ ಹುಟ್ಟಿತೆಂದು ಹೇಳಲಾರೆ, ಆದರವು ಹುಟ್ಟಿತು.

ಮುದ್ರಿಕೆಯ ಕೊನೆಯ ರಚನೆಯೇ ನನ್ನನ್ನು ವಿಸ್ಮಯಗೊಳಿಸಿತು. "ಬಾರ್ಬ್ಸ್ ಸಾಂಗ್ ಟು ದ ವಿಜರ್ಡ್" ಎಂದು ಅದರ ಹೆಸರು. ಪಿಯಾನೊ ಆರಂಭವಾಯಿತು, ರಾನ್ ಕಾರ್ಟರರ ಬಾಸ್ ಸೇರಿತು, ಇಬ್ಬರೂ ಮೆಲುದನಿಯಲ್ಲಿ ಸಂಭಾಷಿಸತೊಡಗಿದರು. ಡ್ರಮ್ಮು ಈಗ ಬಂದೀತು, ಆಗ ಬಂದೀತು ಎಂದು ನಾನು ಕಾಯುತ್ತ ಕುಳಿತೆ. ಬರಲೇ ಇಲ್ಲ. ಹದಿನೆಂಟರ ತರುಣನು, ತನ್ನ ಹೆಸರನ್ನು ಹೊತ್ತ ಪ್ರಥಮ ಮುದ್ರಿಕೆಯಲ್ಲಿ, ತಾನೇ ರಚಿಸಿದ ಒಂದು ಕೃತಿಯನ್ನು ಇಬ್ಬರು ಸ್ನೇಹಿತರ ಕೈಗೊಪ್ಪಿಸಿ, ತಾನು ಒಂದು ಪೆಟ್ಟನ್ನೂ ಹೊಡೆಯದೆ ಕುಳಿತಿದ್ದನು. ಲೋಕವೆಲ್ಲ ತನ್ನ ಕೈಚಳಕವನ್ನು ಕೇಳಲು ಕಾತರಿಸುತ್ತಿರುವಾಗ ಕೈಕಟ್ಟಿ ಕುಳಿತುಕೊಳ್ಳುವ ಆ ಸಂಯಮ ಯಾವ ಗುರುವಿನಿಂದ ಬಂತೋ! ಪಲ್ಲವಿಯ ವಿಸ್ತಾರದಲ್ಲಿ ಹಾಡುವವರು ತನ್ಮಯರಾದಾಗ ಮಾವಂದಿರು ಮೃದಂಗದ ಮೇಲಿಂದ ಎರಡು ಕೈಗಳನ್ನೂ ಎತ್ತಿ ಮಡಿಲಲ್ಲಿಟ್ಟುಕೊಂಡು ಒಂದಿಡೀ ಆವರ್ತವನ್ನು ಹೋಗಗೊಡುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿ, "ಮಾವ, ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದ್ದೆ. "ನಿಲ್ಲಿಸಲಿಲ್ಲ ಮಗು, ಅದೂ ನುಡಿಸಿದ್ದೇ" ಎಂದಿದ್ದರು. ಆ ಉತ್ತರದ ಪೂರ್ಣಾರ್ಥ ನನಗೆ ತಿಳಿದುದು ಗೋರ್ವಾದ ಆ ರಾತ್ರಿ, ಸಮುದ್ರದಾಚೆಯ ಒಬ್ಬ ಅಪರಿಚಿತ ಯುವಕನ ಮೂಲಕ.

ಈ ಎರಡು ಮುದ್ರಿಕೆಗಳ ನಡುವೆ ನಲವತ್ತಾರು ವರ್ಷಗಳಿದ್ದರೂ ಅವೆರಡನ್ನೂ ಕಟ್ಟುವ ಒಂದು ಎಳೆಯುಂಟು. 1969ರಲ್ಲಿ ವಿಲಿಯಮ್ಸರು ತಾವು ಕಟ್ಟಿದ ಹೊಸ ಮೇಳಕ್ಕೆ ಇಂಗ್ಲೆಂಡಿನಿಂದ ಕರೆಸಿಕೊಂಡ ಗಿಟಾರ್ ವಾದಕರೇ ಮೆಕ್‌ಲಾಫ್ಲಿನ್. ಅವರು ಮುಂದೆ ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸಮಾಡಿ, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಅವರೊಡಗೂಡಿ "ಶಕ್ತಿ" ಮೇಳವನ್ನು ನಡೆಸಿ, ಕೊನೆಗೆ ಬಾರೋಟರ ಪ್ರಥಮ ಮುದ್ರಿಕೆಗೂ ಬಂದು ನುಡಿಸಿದರು. ನಮ್ಮ ನಾಡೂ ಈ ಕಥೆಯಿಂದ ಹೊರಗುಳಿದಿಲ್ಲವೆಂಬುದು ನನಗೆ ವಿಶೇಷ ಸಂತೋಷವನ್ನು ಕೊಟ್ಟಿತು. ವಿಲಿಯಮ್ಸರ ಮುದ್ರಿಕೆ ಸಿದ್ಧವಾದ ಅದೇ 1964ರಲ್ಲಿ ಟಿ. ಎ. ಎಸ್. ಮಣಿಯವರು ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ಲಯವಾದ್ಯಶಾಲೆಯನ್ನು ತೆರೆದರು. ಆ ಶಾಲೆಯ ಕಲಾವಿದರೂ ಗಾಯಕಿ ಆರ್. ಎ. ರಮಾಮಣಿಯವರೂ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಸೇರಿ ನೀಡಿದ "ಜ್ಯೋತಿ" ಎಂಬ ಮುದ್ರಿಕೆ 1983ರಲ್ಲಿಯೇ ಯೂರೋಪಿನ ರಸಿಕರನ್ನು ತಲಪಿತ್ತು. ಮೈಸೂರು ಸೀಮೆಯವನಾದ ನನಗೆ ಇದನ್ನು ತಿಳಿಸಲು ಗೋರ್ವಾದ ಒಬ್ಬ ಗುಜರಾತಿ ಹುಡುಗನು ಬೇಕಾಯಿತು.

2014 ಈ ಸಂಗೀತಕ್ಕೆ ಕ್ರೂರವಾದ ವರ್ಷವಾಯಿತು. ಸೆಪ್ಟೆಂಬರಿನಲ್ಲಿ ಶ್ರೀನಿವಾಸರು ನಲವತ್ತೈದರ ವಯಸ್ಸಿಗೇ ಅಗಲಿದರು. ನವೆಂಬರಿನಲ್ಲಿ ಸಿತಾರಾದೇವಿಯವರು ತೀರಿಕೊಂಡರು. ಮೊದಲ ವಾರ್ತೆಯನ್ನು ಕೇಳಿದ ಸಂಜೆ ನನ್ನಾಕೆ ತಾನಾಗಿಯೇ ಹೋಗಿ "ಬಡಾ ಬೂಮ್" ಹಾಕಿದಳು, ಮ್ಯಾಂಡೊಲಿನ್ ಇರುವ ಜಾಗ ಬಂದಾಗ ಧ್ವನಿಯನ್ನು ಏರಿಸಿದಳು. ಮಹಡಿಯ ಹುಡುಗನು ಓದು ಮುಗಿಸಿ ಈಗ ಸೂರತ್ತಿನಲ್ಲಿ ಉದ್ಯೋಗದಲ್ಲಿದ್ದಾನೆ. ನವರಾತ್ರಿಗೆ ತಪ್ಪದೆ ಬರುತ್ತಾನೆ, ಬಂದಾಗ ನಮ್ಮ ಮನೆಯಲ್ಲಿ ಕುಳಿತುಕೊಳ್ಳುತ್ತಾನೆ. ಬಾರೋಟರ ರಚನೆಯೊಂದರ ನಡುವಣ ಭಾಗದಲ್ಲಿ ಸಮ ಎಲ್ಲಿ ಬೀಳುತ್ತದೆಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಹಳೆಯ ಚರ್ಚೆಯುಂಟು. ಅವನು ಸ್ನೇರ್ ಡ್ರಮ್ಮಿನ ಪೆಟ್ಟನ್ನು ಹಿಡಿದು ಏಳೇಳಾಗಿ ಎಣಿಸುತ್ತಾನೆ. ಅದು ಏಳರ ಮಿಶ್ರನಡೆಯಲ್ಲ, ನಾಲ್ಕರ ಚತುರಶ್ರದ ಮೇಲೆ ಅನಾಗತವಾಗಿ ಎತ್ತಿಕೊಂಡುದು, ಕಂಚಿನ ತಟ್ಟೆಯನ್ನು ಕೇಳು ಎಂದು ನಾನು ವಾದಿಸುತ್ತೇನೆ. "ಕಾಕಾ, ಇನ್ನೊಮ್ಮೆ ಹಾಕಿ" ಎನ್ನುತ್ತಾನೆ. ಕಳೆದ ನವರಾತ್ರಿಯಲ್ಲಿ ಗರಬಾಕ್ಕೆ ಹೊರಡುವ ಹೊತ್ತು ಮೀರಿ ಕೆಳಗಿನಿಂದ ಗೆಳೆಯರು ಕೂಗುತ್ತಿದ್ದರೂ ಅವನು ಏಳಲಿಲ್ಲ. ನಾವು ಅದನ್ನು ಮತ್ತೆ ಮೊದಲಿನಿಂದ ಹಾಕಿದೆವು, ಮತ್ತೆ ಇಬ್ಬರಿಗೂ ಬೇರೆ ಬೇರೆ ಕಡೆಯಲ್ಲಿಯೇ ಸಮ ಸಿಕ್ಕಿತು.